ಮೂರು ಬಿಗ್ ಬ್ಲಾಕ್, ಒಂದೇ ಕಾರ್ಬುರೇಟರ್: ನನ್ನ ಅನುಭವ

ಫಲಿತಾಂಶವನ್ನು ಮೊದಲೇ ಹೇಳಿಬಿಡುತ್ತೇನೆ. ಬಿಗ್ ಬ್ಲಾಕ್ ಅಂದರೆ ಅಮೆರಿಕದ ಹಳೇ ಕಾರುಗಳ ದೊಡ್ಡ ವಿ8 ಎಂಜಿನ್; ಹೆಸರಿನ ಜೊತೆಗಿನ ಅಂಕಿ ಅದರ ಗಾತ್ರ, ಕ್ಯೂಬಿಕ್ ಇಂಚಿನಲ್ಲಿ. ಷೆವ್ರೊಲೆ 454, ಕ್ರೈಸ್ಲರ್ 440, ಬ್ಯೂಯಿಕ್ 455 ಈ ಮೂರಕ್ಕೂ ಒಂದೇ ಕಂಪ್ರೆಷನ್ (ಸಿಲಿಂಡರಿನಲ್ಲಿ ಗಾಳಿ-ಪೆಟ್ರೋಲನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವ ಅನುಪಾತ), ಗಾಳಿಗೆ ಪೆಟ್ರೋಲ್ ಬೆರೆಸುವ ಒಂದೇ ಕಾರ್ಬುರೇಟರ್, ಒಂದೇ ಬಂಕಿನ ಪೆಟ್ರೋಲ್, ವಾಲ್ವ್ ತೆರೆಸುವ ಒಂದೇ ಅಳತೆಯ ಕ್ಯಾಮ್ ಕೊಟ್ಟು ಡೈನೋ, ಅಂದರೆ ಎಂಜಿನ್ನಿನ ಬಲ ಅಳೆಯುವ ಯಂತ್ರದ ಮೇಲೆ ಕೂರಿಸಿ ನೋಡಿ. ರಸ್ತೆಯಲ್ಲಿ ನಾವು ನಿಜವಾಗಿ ಓಡಿಸುವ 2000ದಿಂದ 4500 ಆರ್‌ಪಿಎಂ ಒಳಗೆ ಬ್ಯೂಯಿಕ್ ಉಳಿದೆರಡನ್ನೂ ಹಿಂದೆ ಹಾಕುತ್ತದೆ. ಇಷ್ಟನ್ನು ಖಚಿತವಾಗಿ ಹೇಳುವುದಕ್ಕೆ ನನಗೆ ನಾಲ್ಕು ವರ್ಷ ಹಿಡಿಯಿತು. ಒಂದು ಕ್ರ್ಯಾಂಕು, ಒಂದು ಕ್ಯಾಮು ಹೋದವು. ಡಾಲರ್ ಲೆಕ್ಕ ಆಮೇಲೆ ಬರೆಯುತ್ತೇನೆ.

ನಾನಿರುವುದು ಮಿಷಿಗನ್‌ನಲ್ಲಿ, ಡೆಟ್ರಾಯಿಟ್‌ನಿಂದ ಮುಕ್ಕಾಲು ಗಂಟೆ ದಾರಿ. ಪ್ರತಿ ಆಗಸ್ಟ್‌ನಲ್ಲಿ ವುಡ್‌ವರ್ಡ್ ಅವೆನ್ಯೂ ಮೇಲೆ ಡ್ರೀಮ್ ಕ್ರೂಸ್ ನಡೆಯುತ್ತದೆ. ಹಳೇ ಕಾರುಗಳು ಮೈಲುಗಟ್ಟಲೆ ಸಾಲುಗಟ್ಟಿದಾಗ ಫುಟ್‌ಪಾತ್ ಮೇಲೆ ಮಡಚುವ ಕುರ್ಚಿ ಹಾಕಿಕೊಂಡು ಕೂತವರ ಬಾಯಲ್ಲಿ ಒಂದೇ ಜಗಳ: ಯಾವ ಬಿಗ್ ಬ್ಲಾಕ್ ದೊಡ್ಡದು? ಎಲ್ಲರೂ 1970ರ ಕ್ಯಾಟಲಾಗಿನ ಅಂಕಿಯನ್ನೇ ಒಪ್ಪಿಸುತ್ತಾರೆ. ಷೆವೆಲ್ ಕಾರಿನಲ್ಲಿದ್ದ 454ರ ಬಲಿಷ್ಠ ಮಾದರಿ ಎಲ್ಎಸ್6ಗೆ 450 ಹಾರ್ಸ್‌ಪವರ್, ಮೂರು ಕಾರ್ಬುರೇಟರಿನ 440 ಸಿಕ್ಸ್ ಪ್ಯಾಕ್‌ಗೆ 390, ಬ್ಯೂಯಿಕ್ 455ರ ಬಲಿಷ್ಠ ಮಾದರಿ ಸ್ಟೇಜ್ 1ಕ್ಕೆ ಬರೀ 360. ಆ ಕಾಲದ ಗ್ರಾಸ್ ಅಂಕಿ ಏರ್ ಕ್ಲೀನರ್ ಇಲ್ಲದೆ, ಮಫ್ಲರ್ ಇಲ್ಲದೆ ಅಳೆದದ್ದು. ವಿಮೆ ಕಂಪನಿಗಳ ಕಣ್ಣು ತಪ್ಪಿಸಲು ಕೆಲವರು ಬೇಕಂತಲೇ ಕಡಿಮೆ ಬರೆಯುತ್ತಿದ್ದರು. ಒಂದಕ್ಕೆ ಸಾಲಿಡ್ ಲಿಫ್ಟರ್ (ಕ್ಯಾಮಿನ ಮೇಲೆ ಕೂತು ವಾಲ್ವಿನ ಕಡೆಗೆ ತಳ್ಳುವ ತುಂಡು) ಕ್ಯಾಮ್, ಇನ್ನೊಂದಕ್ಕೆ ಹೈಡ್ರಾಲಿಕ್, ಒಂದಕ್ಕೆ 11.25 ಕಂಪ್ರೆಷನ್, ಇನ್ನೊಂದಕ್ಕೆ ಹತ್ತರ ಆಸುಪಾಸು. ಇವನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದು ಸೇರಿನಲ್ಲಿ ಅಳೆದ ಅಕ್ಕಿಯನ್ನೂ ಕೆಜಿಯಲ್ಲಿ ತೂಗಿದ ಬೆಲ್ಲವನ್ನೂ ಹೋಲಿಸಿದ ಹಾಗೆ. ಆದರೂ ಅದೇ ಬ್ಯೂಯಿಕ್‌ನ ಕ್ಯಾಟಲಾಗಿನಲ್ಲಿ ಟಾರ್ಕ್, ಅಂದರೆ ತಿರುಗಿಸುವ ಬಲ, 510 ಪೌಂಡ್-ಫುಟ್, ಅದೂ 2800 ಆರ್‌ಪಿಎಂನಲ್ಲೇ ಅಂತ ಬರೆದಿತ್ತು. ಎಲ್ಎಸ್6ಗೆ 500, 3600ರಲ್ಲಿ. ನನ್ನ ಕಣ್ಣು ಮೊದಲಿನಿಂದಲೂ ಆ 2800ರ ಮೇಲಿತ್ತು.

ಡೈನೋ ಇಟ್ಟುಕೊಂಡಿರುವ ಹಿರಿಯರ ಹತ್ತಿರ ಯೋಜನೆ ಹೇಳಿದಾಗ ಅವರು ತಲೆ ಅಲ್ಲಾಡಿಸಿದರು. "ಬ್ಯೂಯಿಕ್ಕಾ? ಅದು ಅಜ್ಜಿಯರು ಚರ್ಚಿಗೆ ಹೋಗೋ ಕಾರಿಂದು. ದುಡ್ಡು ಹಾಳು ಮಾಡ್ಕೋಬೇಡ" ಅಂದರು. ಕನ್ನಡ ಕೂಟದ ಗೆಳೆಯರಲ್ಲಿ ಕಾರ್ ಕಂಪನಿಗಳಲ್ಲೇ ಕೆಲಸ ಮಾಡುವ ಎಂಜಿನಿಯರುಗಳಿದ್ದಾರೆ. ಅವರೂ "ಇಷ್ಟೊಂದು ವೇರಿಯಬಲ್ ಇಟ್ಕೊಂಡು ನೀನು ಗ್ಯಾರೇಜಲ್ಲಿ ಹೋಲಿಕೆ ಮಾಡೋಕಾಗಲ್ಲ ಮಾರಾಯ" ಎಂದೇ ಹೇಳಿದರು. ಅವರ ಮಾತಿನಲ್ಲಿ ಹುರುಳಿತ್ತು. ಮೊದಲ ವರ್ಷ ನಾನು ಮಾಡಿದ್ದೆಲ್ಲ ನೀರಲ್ಲಿ ಹೋಮ ಮಾಡಿದಂತೆ ಆಯಿತು.

ಎಂಜಿನ್‌ಗಳು ಅಗ್ಗಕ್ಕೇ ಸಿಕ್ಕವು. 454 ಒಂದು ಹಳೇ ಟ್ರಕ್ಕಿನದು, 781 ನಂಬರಿನ ಓವಲ್ ಪೋರ್ಟ್ ಹೆಡ್ (ವಾಲ್ವ್ ಕೂರುವ ಮೇಲಿನ ಭಾಗ) ಸಮೇತ ಸುಮಾರು 900 ಡಾಲರ್. 440 ಎಪ್ಪತ್ತರ ದಶಕದ ನ್ಯೂಯಾರ್ಕರ್ ಸೆಡಾನಿನಿಂದ ಇಳಿಸಿದ್ದು, 452 ಹೆಡ್ಡು, 700. ಬ್ಯೂಯಿಕ್ 1972ರ ಇಲೆಕ್ಟ್ರಾದ್ದು. ತೋಟದ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ಮಲಗಿತ್ತು. ಮನೆಯವರು 500ಕ್ಕೆ ಕೊಟ್ಟರು. ಅದನ್ನು ಕ್ರೇನಿಗೆ ನೇತುಹಾಕಿದಾಗಲೇ ವ್ಯತ್ಯಾಸ ಗೊತ್ತಾಯಿತು. ನೇತಾಡುವ ತಕ್ಕಡಿಯಲ್ಲಿ 610 ಪೌಂಡಿನ ಆಸುಪಾಸು ತೋರಿಸಿತು. 440 675ರ ಹತ್ತಿರ, ಷೆವಿ 690ರ ಹತ್ತಿರ. ಬ್ಯೂಯಿಕ್‌ನವರು ಎರಕವನ್ನು ತೆಳು ಗೋಡೆಯಲ್ಲಿ ಹೊಯ್ದಿದ್ದರು. ಇಷ್ಟು ಕ್ಯೂಬಿಕ್ ಇಂಚಿಗೆ ಅಷ್ಟು ಕಡಿಮೆ ಕಬ್ಬಿಣ ಅಂದರೆ ನನಗೆ ಇವತ್ತಿಗೂ ಬೆರಗು. ತೀರ್ಥಹಳ್ಳಿ ಕಡೆಯ ಮಲೆನಾಡಿನಿಂದ ಬಂದು ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಿ ಚಿಕ್ಕಪ್ಪನ ಲೇಥ್ ಶೆಡ್ಡಿನಲ್ಲಿ ಬೆಳೆದವನು ನಾನು. ಎರಕದ ಗೋಡೆ ತೆಳುವಾದಷ್ಟೂ ಅದನ್ನು ಹೊಯ್ಯುವುದು ಎಷ್ಟು ಕಷ್ಟ ಅಂತ ಚೆನ್ನಾಗಿ ಗೊತ್ತು.

ಕಂಪ್ರೆಷನ್ ಮೂರಕ್ಕೂ 9.5 ಎಂದು ನಿಗದಿ ಮಾಡಿಕೊಂಡೆ. ಕಬ್ಬಿಣದ ಹೆಡ್ಡು, 93 ಆಕ್ಟೇನ್ ಪೆಟ್ರೋಲು. ಅದಕ್ಕಿಂತ ಮೇಲೆ ಹೋದರೆ ನಾಕಿಂಗ್ ಭಯ. 440ರಲ್ಲಿ ಪಿಸ್ಟನ್ ಮೇಲಿನ ತುದಿಗೆ ಬಂದಾಗಲೂ ಬ್ಲಾಕಿನ ಮೇಲ್ಮೈಯಾದ ಡೆಕ್ಕಿನಿಂದ ನೂರು ಥೌಗಿಂತ (ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ) ಕೆಳಗೇ ನಿಲ್ಲುತ್ತಿತ್ತು. ಎಪ್ಪತ್ತರ ದಶಕದ ಹೊಗೆ ಕಾಯಿದೆಗೆ ಕಂಪ್ರೆಷನ್ ಇಳಿಸಿದ್ದು ಹೀಗೇ. ಅದಕ್ಕೆ ಎತ್ತರದ ಪಿಸ್ಟನ್ ಹಾಕಿಸಿದೆ. 454ರ ಹೆಡ್ಡಿನ ತೆರೆದ ದಹನದ ಚೇಂಬರಿಗೆ ಸಣ್ಣ ಗುಮ್ಮಟದ ಪಿಸ್ಟನ್. ಬ್ಯೂಯಿಕ್‌ಗೆ ಡೆಕ್ಕನ್ನು ಒಂದಿಷ್ಟು ಮಿಲ್ ಮಾಡಿಸಿದ್ದೇ ಸಾಕಾಯಿತು. ಚೇಂಬರ್ ಅಳೆಯಲು ಬ್ಯುರೆಟ್ ಹಿಡಿದು ಇಪ್ಪತ್ನಾಲ್ಕು ಚೇಂಬರಿಗೂ ಬಣ್ಣದ ನೀರು ಬಿಟ್ಟೆ. ಇದನ್ನು ಬೇಸರ ಅಂತ ಬಿಡುವವರು ಬಹಳ. ಬಿಟ್ಟರೆ ಹೋಲಿಕೆಯೂ ಬಿಟ್ಟಂತೆಯೇ.

ಕ್ಯಾಮಿನದು ತಲೆನೋವು. ಕ್ಯಾಮಿನ ಎತ್ತುವಿಕೆಯನ್ನು ಹಿಗ್ಗಿಸಿ ವಾಲ್ವಿಗೆ ಕೊಡುವ ಸನ್ನೆಯೇ ರಾಕರ್; ಷೆವಿಯಲ್ಲಿ ಅದರ ಅನುಪಾತ 1.7, ಕ್ರೈಸ್ಲರ್‌ದು 1.5, ಬ್ಯೂಯಿಕ್‌ದು 1.55. ಲಿಫ್ಟರಿನ ವ್ಯಾಸ 440ರಲ್ಲಿ ದೊಡ್ಡದು. ಕ್ಯಾಟಲಾಗಿನ ಕ್ಯಾಮ್ ಕೊಂಡರೆ ಮೂರು ಮೂರು ದಾರಿಗೆ ಹೋಗುತ್ತವೆ. ಹಾಗಾಗಿ ಮೂರನ್ನೂ ಹೇಳಿ ಗ್ರೈಂಡ್ ಮಾಡಿಸಿದೆ: 50 ಥೌನಲ್ಲಿ 224 ಡಿಗ್ರಿ ಡ್ಯುರೇಷನ್ (ವಾಲ್ವ್ ತೆರೆದಿರುವ ಅವಧಿ), ವಾಲ್ವ್ ಹತ್ತಿರ ಮೂರಕ್ಕೂ ಒಂದೇ ಲಿಫ್ಟ್. ಲೋಬ್ (ಕ್ಯಾಮಿನ ಉಬ್ಬು) ಸೆಪರೇಷನ್ ಎಷ್ಟು, ಇನ್‌ಟೇಕ್ ಎಲ್ಲಿ ಮುಚ್ಚುತ್ತದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಅದಕ್ಕೆ ನಾನು ಎರಡು ಚಳಿಗಾಲ ಕೊಟ್ಟಿದ್ದೇನೆ. ಕಾರ್ಬುರೇಟರ್ ಹೋಲಿ ಕಂಪನಿಯ 850ರ ಡಬಲ್ ಪಂಪರ್ ಒಂದೇ, ಮೂರಕ್ಕೂ ಬಿಚ್ಚಿ ಹಾಕಿದ್ದು. ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವ ಮ್ಯಾನಿಫೋಲ್ಡ್ ಮೂರೂ ಡ್ಯುಯಲ್ ಪ್ಲೇನ್ ಮಾದರಿಯವು. ಹೆಡ್ಡಿನ ಪೋರ್ಟಿಗೆ ಕೈ ಹಚ್ಚಲಿಲ್ಲ; ವಾಲ್ವ್ ಸೀಟ್ ಕಡೆಸಿದ್ದು ಬಿಟ್ಟರೆ ಕಾರ್ಖಾನೆಯಿಂದ ಬಂದ ಹಾಗೇ ಇದ್ದವು.

ಮೊದಲ ಪೆಟ್ಟು 454ರಿಂದ ಬಂತು. ಫ್ಲ್ಯಾಟ್ ಟ್ಯಾಪೆಟ್ (ಲಿಫ್ಟರಿನ ತಳ ಲೋಬಿನ ಮೇಲೆ ನೇರ ಉಜ್ಜುವ) ಕ್ಯಾಮನ್ನು 2000 ಆರ್‌ಪಿಎಂನಲ್ಲಿ ಇಪ್ಪತ್ತೈದು ನಿಮಿಷ ಪಳಗಿಸಿದೆ. ಎಲ್ಲ ಸರಿ ಅನ್ನಿಸಿತು. ಡೈನೋ ಮೇಲೆ ಪೂರ್ತಿ ಥ್ರಾಟಲ್ ಕೊಟ್ಟು ಒಂದು ಸಲ ಎಳೆಸಿ ಅಳೆಯುವುದಕ್ಕೆ ಪುಲ್ ಅನ್ನುತ್ತೇವೆ. ಮೂರನೇ ಪುಲ್‌ನಲ್ಲಿ ಒಂದು ಟಿಕ್ ಟಿಕ್ ಶಬ್ದ. ವಾಲ್ವ್ ಕವರ್ ಬಿಚ್ಚಿ ಕ್ರ್ಯಾಂಕ್ ತಿರುಗಿಸಿದರೆ ಐದನೇ ಸಿಲಿಂಡರಿನ ಎಕ್ಸಾಸ್ಟ್ ರಾಕರ್ ಅಲುಗಾಡಿದ ಹಾಗೆ ಮಾಡುತ್ತಿದೆ ಅಷ್ಟೆ. ಲಿಫ್ಟರ್ ಮೇಲಕ್ಕೆಳೆದು ನೋಡಿದಾಗ ಅದರ ತಳ ಸಾಣೆಕಲ್ಲಿಗೆ ಹಿಡಿದಂತೆ ಹಳ್ಳ ಬಿದ್ದಿತ್ತು. ಕ್ಯಾಮಿನ ಲೋಬು ಉರುಟಾಗಿತ್ತು. ಕಬ್ಬಿಣದ ಪುಡಿ ಆಯಿಲ್‌ನೊಂದಿಗೆ ಎಲ್ಲ ಬೇರಿಂಗಿಗೂ ಹೋಗಿತ್ತು. ಫಿಲ್ಟರ್ ಕತ್ತರಿಸಿ ಬಿಡಿಸಿದರೆ ಮಡಿಕೆ ಮಡಿಕೆಯಲ್ಲೂ ಮಿನುಗು. ನಾನು ಹಾಕಿದ್ದು ಈಗಿನ ಕಾರುಗಳ ಆಯಿಲ್, ಅದರಲ್ಲಿ ಸವೆತ ತಡೆಯುವ ಝಿಂಕ್ ಸಾಲದು. ಗೊತ್ತಿದ್ದೂ ಸೇರಿಸಿರಲಿಲ್ಲ. ವಾಲ್ವಿನ ಒಳ ಸ್ಪ್ರಿಂಗನ್ನೂ ತೆಗೆದಿರಲಿಲ್ಲ. ಪೂರ್ತಿ ಬಿಚ್ಚಿ ತೊಳೆದು ಹೊಸ ಬೇರಿಂಗು, ಹೊಸ ಕ್ಯಾಮು, ಲಿಫ್ಟರು ಎಲ್ಲ ಸೇರಿ 1,600 ಡಾಲರ್ ಹತ್ತಿರ ಹೋಯಿತು. ಅಲ್ಲಿಂದೀಚೆಗೆ ಪಳಗಿಸುವಾಗ ಹೊರ ಸ್ಪ್ರಿಂಗ್ ಮಾತ್ರ, ಝಿಂಕ್ ಹೆಚ್ಚಿರುವ ಬ್ರೇಕ್-ಇನ್ ಆಯಿಲ್ ಮಾತ್ರ. ಆಮೇಲೆ ಒಂದು ಲೋಬೂ ಹೋಗಿಲ್ಲ.

ಎರಡನೇದು ಬ್ಯೂಯಿಕ್, ಅದು ಇನ್ನೂ ದೊಡ್ಡ ಪೆಟ್ಟು. 455ರ ಆಯಿಲ್ ಪಂಪು ಮುಂದಿನ ಅಲ್ಯೂಮಿನಿಯಂ ಟೈಮಿಂಗ್ ಕವರಿನಲ್ಲೇ ಇದೆ ಅನ್ನುವುದು ಗೊತ್ತಿರುವ ವಿಷಯ. ತಳದ ಆಯಿಲ್ ಸಂಪಿನಿಂದ ಅಲ್ಲಿಯವರೆಗೆ ಬ್ಲಾಕಿನೊಳಗಿನ ಕಿರಿದಾದ ಉದ್ದ ದಾರಿಯಲ್ಲಿ ಆಯಿಲ್ ಎಳೆದುಕೊಳ್ಳಬೇಕು. ಅದರ ಮೇಲೆ ಮೇನ್ ಜರ್ನಲ್ (ಕ್ರ್ಯಾಂಕಿನಲ್ಲಿ ಬೇರಿಂಗಿನೊಳಗೆ ತಿರುಗುವ ಭಾಗ) 3.25 ಇಂಚು, ಷೆವಿ, ಕ್ರೈಸ್ಲರ್ ಎರಡರಲ್ಲೂ 2.75. ದೊಡ್ಡ ಜರ್ನಲಿನ ಬೇರಿಂಗಿಗೆ ಆಯಿಲ್ ಹೆಚ್ಚೇ ಬೇಕು. ಎರಡನೇ ದಿನ ಸಂಜೆ ನಾಲ್ಕನೇ ಪುಲ್. 4300 ದಾಟುತ್ತಿದ್ದಂತೆ ಒತ್ತಡದ ಮುಳ್ಳು 55ರಿಂದ 20ಕ್ಕೆ ಕುಸಿಯಿತು. ಡೈನೋದ ಹಿರಿಯರು ಥ್ರಾಟಲ್ ಎಳೆದರು. ಅಷ್ಟರಲ್ಲಿ ಮೂರನೇ ಮೇನ್ ಬೇರಿಂಗ್ ತಿರುಗಿ ಹೋಗಿತ್ತು. ಕ್ರ್ಯಾಂಕ್ ಗ್ರೈಂಡಿಂಗಿಗೂ ಬಾರದಷ್ಟು ನೀಲಿಗಟ್ಟಿತ್ತು. ಬೇರೆ ಕ್ರ್ಯಾಂಕು, ಲೈನ್ ಹೋನಿಂಗ್, ಬೇರಿಂಗು ಎಲ್ಲ ಸೇರಿ 2,900 ಡಾಲರ್.

ಆ ರಾತ್ರಿ ಚಿಕ್ಕಪ್ಪನಿಗೆ ವಿಡಿಯೋ ಕಾಲ್ ಮಾಡಿ ಟೈಮಿಂಗ್ ಕವರ್ ಕ್ಯಾಮೆರಾ ಮುಂದೆ ಹಿಡಿದೆ. ಅವರಿಗೀಗ ಎಪ್ಪತ್ತೆರಡು, ಕನ್ನಡಕ ಹಣೆ ಮೇಲೆ.

"ಆ ಗೇರ್ ಕೂರೋ ಗುಳಿ ತೋರ್ಸು. ಹತ್ರ ಹಿಡಿಯೋ. ಉಗುರು ಹಾಕು, ತಡೀತದಾ?"

ಉಗುರು ತಡೆಯುತ್ತಿತ್ತು.

"ಮತ್ತೆ? ಗೇರ್ ಹೊಸದು ಹಾಕಿದ್ರೇನು ಬಂತು, ಮನೆ ಹಳೇದಲ್ವಾ. ತಟ್ಟೆ ಸಮ ಇದ್ಯಾ ನೋಡು. ಗಾಜಿನ ಮೇಲೆ ಎಮರಿ ಪೇಪರ್ ಇಟ್ಟು, ಡೀಸೆಲ್ ಹಾಕಿ ಎಂಟರ ಹಾಗೆ ತಿಕ್ಕು. ಜೋರು ಮಾಡ್ಬೇಡ."

ಹೊಸ ಕವರ್ ತರಿಸಿದೆ, ಪಂಪಿನ ತಟ್ಟೆಯನ್ನು ಅವರು ಹೇಳಿದಂತೆ ತಿಕ್ಕಿದೆ. ಮೊದಲು ಮಾರ್ಕರ್ ಪೆನ್ನಿನಿಂದ ಗೀಟು ಎಳೆದು ತಿಕ್ಕಿದರೆ ಅಂಚಿನ ಗೀಟು ಅಳಿಸಿ ನಡುವಿನದು ಉಳಿಯಿತು, ನಡುವೆ ತಗ್ಗು. ಎಲ್ಲ ಗೀಟೂ ಸಮನಾಗಿ ಅಳಿಯುವ ಹೊತ್ತಿಗೆ ಮುಕ್ಕಾಲು ಗಂಟೆ ಆಗಿತ್ತು. ಗ್ಯಾಸ್ಕೆಟ್ ದಪ್ಪ ಆರಿಸಿ ಗೇರಿನ ತುದಿ ಸಡಿಲವನ್ನು ಎರಡು ಥೌಗೆ ತಂದೆ. ಬ್ಲಾಕಿನೊಳಗಿನ ಹೀರು ದಾರಿಯನ್ನು ಉದ್ದ ಡ್ರಿಲ್ಲಿನಿಂದ ಅಗಲ ಮಾಡಿ ದೊಡ್ಡ ಪಿಕಪ್ ಟ್ಯೂಬ್ ಹಾಕಿದೆ. ಕ್ಯಾಮ್ ಬೇರಿಂಗಿಗೆ ಹೋಗುವ ಆಯಿಲಿಗೆ ಇನ್ನೊಂದು ಕೆಲಸ ಮಾಡಿದ್ದೇನೆ, ಅದು ಸದ್ಯಕ್ಕೆ ಗುಟ್ಟು. ಈಗ 5000ದಲ್ಲಿ ಒತ್ತಡ 62ಕ್ಕಿಂತ ಕೆಳಗಿಳಿಯುವುದಿಲ್ಲ. ಇದೇ ವಿಷಯಕ್ಕೆ ಬ್ಯೂಯಿಕ್ ಬಿಟ್ಟು ಷೆವಿಗೆ ಹೋದವರು ಎಷ್ಟೋ ಜನ. ಹೋಗಬೇಕಾಗಿರಲಿಲ್ಲ.

ಮೂರನೇ ಸೋಲು ಕಣ್ಣಿಗೆ ಕಾಣುವಂಥದ್ದಲ್ಲ, ಅದಕ್ಕೇ ಹೆಚ್ಚು ದಿನ ತಿಂದಿತು. ಮೊದಲ ವರ್ಷ 454ನ್ನು ಜುಲೈನ ಸೆಕೆಯಲ್ಲಿ ಅಳೆದೆ, 440ನ್ನು ಅಕ್ಟೋಬರಿನ ಚಳಿಯಲ್ಲಿ. ಕಂಪ್ಯೂಟರ್ ಹವೆಯ ಕರೆಕ್ಷನ್ ಮಾಡುತ್ತದಲ್ಲ ಎಂದು ನೆಮ್ಮದಿಯಾಗಿದ್ದೆ. ಮುಂದಿನ ಜುಲೈನಲ್ಲಿ ಒಂದು ಬೋಲ್ಟನ್ನೂ ಮುಟ್ಟದ ಅದೇ 440ನ್ನು ಮತ್ತೆ ಕೂರಿಸಿದೆ. ಅಕ್ಟೋಬರಿನಲ್ಲಿ 412 ತೋರಿಸಿದ್ದು ಈಗ 396. ಹದಿನಾರು ಹಾರ್ಸ್‌ಪವರ್ ಎಲ್ಲಿಗೆ ಹೋಯಿತು? ನಾನು ಹುಡುಕುತ್ತಿದ್ದ ವ್ಯತ್ಯಾಸಕ್ಕಿಂತ ಅಳತೆಯ ತಪ್ಪೇ ದೊಡ್ಡದಾಗಿತ್ತು. ಅಲ್ಲಿಯವರೆಗಿನ ಎಲ್ಲ ಶೀಟುಗಳನ್ನೂ ಒಂದು ಕವರಿಗೆ ಹಾಕಿ ಮೇಲಿಟ್ಟೆ.

ಸಂತೆಯಲ್ಲಿ ತಕ್ಕಡಿ ಮೇಲೆ ಅನುಮಾನ ಬಂದರೆ ಏನು ಮಾಡುತ್ತಾರೆ? ತೂಕ ಗೊತ್ತಿರುವ ಬಟ್ಟನ್ನು ಮೊದಲು ಇಟ್ಟು ನೋಡುತ್ತಾರೆ. 440ನ್ನೇ ನನ್ನ ಬಟ್ಟು ಮಾಡಿಕೊಂಡೆ. ಬೆಳಿಗ್ಗೆ 440, ಆಮೇಲೆ ಪರೀಕ್ಷೆಯ ಎಂಜಿನ್, ಸಂಜೆ ಮತ್ತೆ 440. ಬೆಳಿಗ್ಗೆಯ 440ಕ್ಕೂ ಸಂಜೆಯದಕ್ಕೂ ಐದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ದಿನದ ಲೆಕ್ಕ ರದ್ದು. ಆಯಿಲ್ 180 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟದೆ ಪುಲ್ ಇಲ್ಲ. ಪ್ರತಿ ಎಂಜಿನ್ನಿಗೂ ಐದು ಪುಲ್. ಮೊದಲ ಎರಡನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇದನ್ನು ಕೇಳಿ ಡೈನೋದವರು ನಕ್ಕರು. ಒಂದು ಎಂಜಿನ್ ಇಳಿಸಿ ಇನ್ನೊಂದು ಏರಿಸಲು ಮೂರೂವರೆ ಗಂಟೆ ಬೇಕು, ಒಂದೇ ದಿನ ಮೂರು ಸಲ ಹೇಗೆ ಆಗುತ್ತದೆ? ಬೆಲ್ ಹೌಸಿಂಗ್ ಬೋಲ್ಟಿನ ಜಾಗ ಮೂರಕ್ಕೂ ಬೇರೆ, ಕ್ರ್ಯಾಂಕ್ ಹಿಂಬದಿಯ ಬೋಲ್ಟೂ ಬೇರೆ. ಇಲ್ಲಿ ಶಿವಮೊಗ್ಗದ ಲೇಥ್ ಕೆಲಸ ಕೈಹಿಡಿಯಿತು. ಮುಕ್ಕಾಲು ಇಂಚಿನ ಒಂದೇ ಅಡಾಪ್ಟರ್ ಪ್ಲೇಟ್ ಮಾಡಿದೆ, ಮೂರು ಎಂಜಿನ್ನಿಗೂ ಕೂರುತ್ತದೆ. ನೀರು, ಪೆಟ್ರೋಲ್, ವೈರಿಂಗ್ ಎಲ್ಲಕ್ಕೂ ಒಂದೇ ಜಾಗದಲ್ಲಿ ತಟ್ಟನೆ ಸಿಕ್ಕಿಸುವ ಕಪ್ಲಿಂಗ್. ಮೂರು ಎಂಜಿನ್ನಿಗೂ ಒಂದೇ ಎತ್ತರದ ತಳ್ಳುಗಾಡಿ. ಬದಲಾವಣೆ ಎಪ್ಪತ್ತು ನಿಮಿಷಕ್ಕೆ ಇಳಿಯಿತು. ಆ ಪ್ಲೇಟಿನ ಡೋವೆಲ್ (ಜಾಗ ಹಿಡಿಯುವ ಪಿನ್ನು) ಸೆಂಟರ್ ಹೇಗೆ ಹಿಡಿದೆ ಎಂದು ಅದೇ ಡೈನೋದವರು ಮೂರು ಸಲ ಕೇಳಿದ್ದಾರೆ. ಡ್ರಾಯಿಂಗ್ ಇನ್ನೂ ಯಾರಿಗೂ ಕೊಟ್ಟಿಲ್ಲ.

ಈ ಪದ್ಧತಿಯಲ್ಲಿ ಸಿಕ್ಕ ಅಂಕಿಗಳನ್ನು ನೆನಪಿನಿಂದ ಕೊಡುತ್ತಿದ್ದೇನೆ, ಒಂದೆರಡು ಹೆಚ್ಚುಕಮ್ಮಿ ಇರಬಹುದು. 440: ಟಾರ್ಕ್ 3200ರಲ್ಲಿ ಸುಮಾರು 500, ಪವರ್ 4900ರಲ್ಲಿ 400. 454: ಟಾರ್ಕ್ 3500ರಲ್ಲಿ 505, ಪವರ್ 5200ರಲ್ಲಿ 430. ಬ್ಯೂಯಿಕ್: ಟಾರ್ಕ್ 2900ರಲ್ಲಿ 525, ಪವರ್ 4700ರಲ್ಲಿ 395. ಪವರ್ ಒಂದನ್ನೇ ನೋಡುವವರಿಗೆ ಬ್ಯೂಯಿಕ್ ಕೊನೆಯದು. ಆದರೆ 2500ರಲ್ಲಿ ನೋಡಿ: ಬ್ಯೂಯಿಕ್ 505, 440 465, 454 460. ಸಿಗ್ನಲ್ಲಿನಿಂದ ಹೊರಟಾಗ ಬೆನ್ನು ಸೀಟಿಗೆ ಒತ್ತುವುದು ಈ ನಲವತ್ತು ಪೌಂಡ್-ಫುಟ್. ನಮ್ಮೂರಲ್ಲಿ ಪಿಕಪ್ ಅನ್ನುತ್ತೇವಲ್ಲ, ಅದು ಇದೇ. 2000ದಿಂದ 4500ರವರೆಗಿನ ಸರಾಸರಿ ತೆಗೆದರೆ ಬ್ಯೂಯಿಕ್ 495ರ ಹತ್ತಿರ, 454 477, 440 470ರ ಆಸುಪಾಸು. 4500 ದಾಟಿದ ಮೇಲೆ 454ರದ್ದೇ ರಾಜ್ಯ. ಓರೆಯಾಗಿ ನಿಂತ ಅದರ ವಾಲ್ವ್‌ಗಳಿಗೆ ಗಾಳಿ ನುಂಗುವ ಶಕ್ತಿ ಇದೆ, ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಬ್ಯೂಯಿಕ್‌ನ ಇನ್‌ಟೇಕ್ ವಾಲ್ವ್ ಸರಿಯಾಗಿ ಎರಡು ಇಂಚು, ಪೋರ್ಟೂ ಕಿರಿದು. ಹಾಗಾಗಿ ಕೆಳ ಆರ್‌ಪಿಎಂನಲ್ಲಿ ಗಾಳಿ ವೇಗವಾಗಿ ನುಗ್ಗುತ್ತದೆ, ಮೇಲೆ ಹೋದಂತೆ ಉಸಿರು ಕಟ್ಟುತ್ತದೆ. ದೊಡ್ಡ ವಾಲ್ವಿನ ಸ್ಟೇಜ್ 1 ಹೆಡ್ಡು ಹಾಕಿದ್ದರೆ ಮೇಲೂ ಓಡುತ್ತಿತ್ತು. ಅದರ ಬೆಲೆ ಕೇಳಿ ಸುಮ್ಮನಾದೆ.

440ಕ್ಕೆ ಒಂದು ಮಾತು ಹೇಳಲೇಬೇಕು. ಯಾವುದರಲ್ಲೂ ಮೊದಲಲ್ಲ, ಆದರೆ ನಾಲ್ಕು ವರ್ಷದಲ್ಲಿ ಐವತ್ತಕ್ಕೂ ಹೆಚ್ಚು ಪುಲ್ ಎಳೆದು ಒಂದು ಗ್ಯಾಸ್ಕೆಟ್ಟನ್ನೂ ಸೋರಿಸಲಿಲ್ಲ. ಡಿಸ್ಟ್ರಿಬ್ಯೂಟರ್ ಮುಂದೆ, ಆಯಿಲ್ ಪಂಪ್ ಹೊರಗೆ. ಕೈ ಹಾಕಿದಲ್ಲಿ ಪಾನಾ ಕೂರುತ್ತದೆ. ಬಟ್ಟು ಆಗಲು ಹುಟ್ಟಿದ ಎಂಜಿನ್.

ನಡುವೆ ಕೆಲವು ಅಡ್ಡ ಪ್ರಯೋಗಗಳೂ ಆದವು. ಗೆಳೆಯನಿಂದ ಎರವಲು ತಂದ ಸಿಕ್ಸ್ ಪ್ಯಾಕ್ ಸೆಟ್ಟು, ಅಂದರೆ ಮೂರು ಎರಡು-ಬ್ಯಾರಲ್ ಕಾರ್ಬುರೇಟರ್, 440ರ ಮೇಲೆ ಕೂರಿಸಿ ನೋಡಿದೆ. ಮೇಲೆ ಎಂಟು ಹಾರ್ಸ್‌ಪವರ್ ಹೆಚ್ಚಿತು, ಕೆಳಗೆ ಏನೂ ಇಲ್ಲ. ಲಿಂಕೇಜ್ ಹೊಂದಿಸಲು ಇಡೀ ಬೆಳಗು ಹೋಯಿತು. ಕಾರ್ಬುರೇಟರ್ ಕೆಳಗೆ ಒಂದಿಂಚಿನ ಮರದ ಸ್ಪೇಸರ್ ಇಟ್ಟಾಗ 454ಕ್ಕೆ ಆರು ಸಿಕ್ಕಿತು, ಬ್ಯೂಯಿಕ್‌ಗೆ 2500ರ ಕೆಳಗೆ ಹತ್ತು ಕಳೆದುಹೋಯಿತು. ಮೂರಕ್ಕೂ ಒಂದೇ ಮದ್ದು ಅನ್ನುವುದು ಇಲ್ಲ.

ಫೋರ್ಡ್ 460 ಕೂಡ ತಂದಿದ್ದೆ. 1970ರ ದಶಕದ ಅದರ ಹೆಡ್ಡಿನಲ್ಲಿ ಎಕ್ಸಾಸ್ಟ್ ಪೋರ್ಟಿನ ಮಾಡಿನಲ್ಲಿ ಒಂದು ಉಬ್ಬು ಇರುತ್ತದೆ, ಹೊಗೆ ಕಡಿಮೆ ಮಾಡಲು ಗಾಳಿ ಊದುವ ಏರ್ಪಾಡಿಗಾಗಿ ಬಿಟ್ಟದ್ದು. ಹೊಗೆ ಹೊರಬರುವ ದಾರಿಗೆ ಅದು ಗಂಟಲಲ್ಲಿ ಸಿಕ್ಕ ಅಡಿಕೆ ಹೋಳು. ಗ್ರೈಂಡರ್ ಹಿಡಿದು ಎಂಟೂ ಪೋರ್ಟಿನ ಉಬ್ಬು ಸವೆಸಿದೆ. ಎರಡು ಸಂಜೆಯ ಕೆಲಸ, ಮೂಗೊಳಗೆಲ್ಲ ಬೀಡಿನ ಪುಡಿ. ಅಷ್ಟಕ್ಕೇ ಸುಮಾರು 25 ಹಾರ್ಸ್‌ಪವರ್ ಬಂತು. ಬಿಟ್ಟಿ ಪವರ್ ಅಂದರೆ ಇದು. ಆದರೆ ಅದರ ಕಂಪ್ರೆಷನ್ 9.5ಕ್ಕೆ ತಂದಿರಲಿಲ್ಲ, ಹಾಗಾಗಿ ಹೋಲಿಕೆಗೆ ಸೇರಿಸಲಿಲ್ಲ.

ಖರ್ಚಿನ ಲೆಕ್ಕ ಮನೆಯವಳು ಬರೆದಿಟ್ಟಿದ್ದಾಳೆ, ಅದರಲ್ಲಿ ತಪ್ಪಿಲ್ಲ. ಮೂರು ಎಂಜಿನ್ ಕೊಂಡದ್ದು 2,100. ಬೋರಿಂಗ್, ಹೋನಿಂಗ್, ಬ್ಯಾಲೆನ್ಸಿಂಗ್, ಹೆಡ್ ಕೆಲಸ ಸೇರಿ ಒಂದೊಂದಕ್ಕೆ 2,800 ಹತ್ತಿರ. ಪಿಸ್ಟನ್ ಸೆಟ್ಟು ತಲಾ 700, ಕ್ಯಾಮು ಲಿಫ್ಟರು ತಲಾ 450. ಡೈನೋ ಒಂಬತ್ತು ದಿನ, ದಿನಕ್ಕೆ 750. ಹಾಳಾದದ್ದಕ್ಕೆ ಕೊಟ್ಟದ್ದು 4,500. ಹೆಡರ್, ಮ್ಯಾನಿಫೋಲ್ಡ್, ಚಿಲ್ಲರೆ 3,000. ಒಟ್ಟು 28,000 ಡಾಲರ್ ದಾಟಿದೆ. 454ನ್ನು ಮಾರಿ 6,500 ವಾಪಸ್ ಬಂತು. ಡೈನೋ ಶೀಟ್ ಜೊತೆಗಿದ್ದದ್ದರಿಂದ ಕೊಂಡವರು ಚೌಕಾಸಿ ಮಾಡಲಿಲ್ಲ. ಮೊದಲ ವರ್ಷದಿಂದಲೇ ಬಟ್ಟು ಇಟ್ಟು ಅಳೆದಿದ್ದರೆ ಡೈನೋದ ಮೂರು ದಿನ ಉಳಿಯುತ್ತಿತ್ತು.

ಬ್ಯೂಯಿಕ್ ಎಂಜಿನ್ ಈಗ 1971ರ ಸ್ಕೈಲಾರ್ಕ್ ಕಾರಿನಲ್ಲಿ ಕೂತಿದೆ. ಕಳೆದ ಬೇಸಿಗೆಯಲ್ಲಿ ಕಾಲು ಮೈಲಿ ಓಟದ ಪಟ್ಟಿಯಾದ ಮಿಲನ್ ಡ್ರ್ಯಾಗ್‌ವೇಗೆ ಒಯ್ದೆ. ರಸ್ತೆ ಟೈರಿನಲ್ಲಿ ಮೊದಲ ಓಟ ಬರೀ ಹೊಗೆ. 2000ದಲ್ಲೇ ಚಕ್ರ ಬಿಡಿಸಿಕೊಂಡು ತಿರುಗಿತು. ಗಾಳಿ ಇಳಿಸಿ, ಐಡಲ್‌ನಿಂದ ಮೆಲ್ಲಗೆ ಬಿಟ್ಟುಕೊಂಡು ಹೋದ ಮೂರನೇ ಓಟದಲ್ಲಿ 13.4 ಸೆಕೆಂಡು, 102 ಮೈಲು ವೇಗ ಬಂತು. ಕಾಲು ಮೈಲಿಯ ಕೊನೆಯಲ್ಲೂ ಎಂಜಿನ್ 5000 ಮುಟ್ಟಿರಲಿಲ್ಲ. ಡೈನೋದ ಹಿರಿಯರೂ ಬಂದಿದ್ದರು. ಟೈಮ್ ಸ್ಲಿಪ್ ಕೈಗೆ ತೆಗೆದುಕೊಂಡು, ಓದಿ, ಬಾನೆಟ್ ಎತ್ತಿಸಿ, ಆಯಿಲ್ ಪಂಪಿನ ಕಡೆ ಟಾರ್ಚ್ ಹಾಕಿ ಬಹಳ ಹೊತ್ತು ನೋಡಿದರು. ಹೋದ ತಿಂಗಳು ಅವರೇ ಫೋನ್ ಮಾಡಿ, ಓಲ್ಡ್ಸ್‌ಮೊಬೈಲ್ 455 ಒಂದಿದೆ, ನಿನ್ನ ಪದ್ಧತಿಯಲ್ಲೇ ಅಳೆಯೋಣ, ಡೈನೋ ಬಾಡಿಗೆ ಬೇಡ ಅಂದರು. 4.25 ಇಂಚಿನ ಸ್ಟ್ರೋಕ್ ಅದರದ್ದು, ಬ್ಯೂಯಿಕ್‌ನ 3.9ಕ್ಕಿಂತ ಉದ್ದ. ಕ್ರ್ಯಾಂಕ್ ಗ್ರೈಂಡಿಂಗಿಗೆ ಹೋಗಿದೆ. 440 ತಳ್ಳುಗಾಡಿ ಮೇಲೆ ಹಾಗೇ ಇದೆ, ಪ್ಲಗ್ ಮಾತ್ರ ಬದಲಿಸಿದ್ದೇನೆ.